ಅತ್ತೆಯವರಿಗೆ ತಂದ ವಾಚ್ ಬೀರು ಸೇರಿದ್ದೇಕೆ?

ಪ್ರಶ್ನೆ: ಕೋಲಾರ ಜಿಲ್ಲೆಯ ಹಳ್ಳಿಯೊಂದರಲ್ಲಿ ಅತ್ತೆಯವರನ್ನು ನೋಡಿಕೊಳ್ಳುತ್ತಿದ್ದೇನೆ. ಅವರು ಬಿದ್ದರೆ ತಿಳಿಸುವ ವಾಚ್, ಮಾತ್ರೆ ನೆನಪಿಸುವ ಆಪ್ ಎರಡನ್ನೂ ನಮ್ಮ ಯಜಮಾನರು ತಂದುಕೊಟ್ಟರೂ ಒಂದೂ ಬಳಕೆಗೆ ಬರಲಿಲ್ಲ. ತಪ್ಪು ನಮ್ಮದೋ, ಸಾಧನದ್ದೋ?

ಉತ್ತರ: ತಪ್ಪು ನಿಮ್ಮದಲ್ಲ, ಬಹುಪಾಲು ಅವನ್ನು ರೂಪಿಸಿದವರದ್ದು. ಇಂಥ ವಾಚಿನೊಳಗೆ ಚಲನೆಯ ಏರುಪೇರನ್ನು ಅಳೆಯುವ ಸಂವೇದಕವಿರುತ್ತದೆ. ದಿಢೀರನೆ ಒಂದು ಹೊಡೆತ, ಅದರ ಬೆನ್ನಿಗೇ ಕೆಲ ಹೊತ್ತು ಅಲುಗಾಟವಿಲ್ಲದಿರುವುದು, ಇವೆರಡೂ ಕೂಡಿ ಬಂದಾಗ ಅದು ‘ಬಿದ್ದರು’ ಎಂದು ತೀರ್ಮಾನಿಸುತ್ತದೆ. ಜಗಲಿಯ ಮೇಲೆ ಧೊಪ್ಪನೆ ಕೂತು ಗೋಡೆಗೆ ಒರಗಿಕೊಳ್ಳುವ ಅಜ್ಜಿಯೂ ಈ ಲೆಕ್ಕದಲ್ಲಿ ಬಿದ್ದವರಾಗಿಬಿಡಬಹುದು. ತಲೆಸುತ್ತಿ ಗೋಡೆ ಹಿಡಿದು ಮೆಲ್ಲಗೆ ಕುಸಿದವರು ಲೆಕ್ಕಕ್ಕೇ ಸಿಗದಿರಬಹುದು. ಸುಳ್ಳು ಎಚ್ಚರಿಕೆಗೆ ಕೊಟ್ಟಿಗೆಯಿಂದ ನಾಲ್ಕಾರು ಸಲ ಓಡಿಬಂದ ಸೊಸೆ ಮುಂದೆ ಅದನ್ನು ನಂಬದಿದ್ದರೆ ಆಶ್ಚರ್ಯವಿಲ್ಲ.

ಮಾತ್ರೆಯ ಆಪ್‌ನ ತೊಡಕು ಬೇರೆ. ವಯಸ್ಸಾದಂತೆ ಕಿವಿಗೆ ಮೊದಲು ಕೇಳದಾಗುವುದು ತಾರಕದ ಸದ್ದುಗಳೇ ಆದರೂ ಎಷ್ಟೋ ಆಪ್‌ಗಳು ಕೀಚಲು ದನಿಯಲ್ಲೇ ಕೂಗುತ್ತವೆ. ಅದಕ್ಕಿಂತ ಗಂಭೀರವಾದದ್ದು, ಸಕ್ಕರೆ ಕಾಯಿಲೆಯ ಹಲವು ಮಾತ್ರೆಗಳಿಗೆ ಗಡಿಯಾರಕ್ಕಿಂತ ಊಟದೊಂದಿಗೆ ಹೆಚ್ಚು ನಂಟಿರುವುದು. ಎಂಟು ಗಂಟೆಗೆ ಮೊಳಗುವ ಆಪ್‌ಗೆ ಮುದ್ದೆ ಆಗಿದೆಯೋ ಇಲ್ಲವೋ ತಿಳಿಯದು. ‘ಊಟ ಆಯಿತೇ’ ಎಂದು ಮೊದಲು ಕೇಳುವಂತೆ, ಅದನ್ನೂ ಈ ಗಡಿನಾಡಿನ ಕನ್ನಡದಲ್ಲೋ ತೆಲುಗಿನಲ್ಲೋ ಕೇಳುವಂತೆ ಅದನ್ನು ರೂಪಿಸಬೇಕಿತ್ತು.

ತಿದ್ದಿಕೊಳ್ಳಲು ಸಾಧ್ಯವೆಂಬುದಕ್ಕೆ ಪಿಂಚಣಿದಾರರ ಡಿಜಿಟಲ್ ಜೀವಂತ ಪ್ರಮಾಣಪತ್ರವೇ ಸಾಕ್ಷಿ. 2014ರಲ್ಲಿ ಆರಂಭವಾದಾಗ ಅದು ಬೆರಳಚ್ಚು ಅಥವಾ ಕಣ್ಣಿನ ಗುರುತನ್ನು ನೆಚ್ಚಿಕೊಂಡಿತ್ತು. ದುಡಿದು ಸವೆದ ಬೆರಳನ್ನು ಯಂತ್ರ ಗುರುತಿಸದೆ ಹಿರಿಯರು ಪರದಾಡುತ್ತಿದ್ದರು. 2021ರಲ್ಲಿ ಮುಖ ಗುರುತಿಸುವ ವ್ಯವಸ್ಥೆ ಬಂದ ಮೇಲೆ ಮೊಬೈಲ್ ಮುಂದೆ ಕೂತೇ ಕೆಲಸ ಮುಗಿಸಲು ಸಾಧ್ಯವಾಯಿತು.

ನಿಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಕೇಳುವ ಹಕ್ಕೂ ಇದೆ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರ ಮಿದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಗುರಿಯಿಂದ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಅಧ್ಯಯನ ನಡೆಸುತ್ತಿದೆ. ವಿಜ್ಞಾನಕ್ಕೆ ರಕ್ತವನ್ನೂ ಸಮಯವನ್ನೂ ಕೊಟ್ಟ ಊರಿನ ಹಿರಿಯರನ್ನು, ಅವರಿಗಾಗಿ ಸಾಧನ ರೂಪಿಸುವ ಮೊದಲ ದಿನದಿಂದಲೇ ಕೂರಿಸಿಕೊಂಡು ಕೇಳಬೇಕು.

ಅವರೊಂದಿಗೆ ನಿಮ್ಮನ್ನೂ ಕೇಳಬೇಕು, ಏಕೆಂದರೆ ಈ ಸಾಧನಗಳನ್ನು ಚಾರ್ಜ್ ಮಾಡುವುದರಿಂದ ಹಿಡಿದು ಕರೆಗೆ ಓಡಿಬರುವವರೆಗೆ ಎಲ್ಲವೂ ನಿಮ್ಮ ತಲೆಯ ಮೇಲೇ ಬೀಳುತ್ತದೆ. ಎಚ್ಚರಿಕೆ ಮೊದಲು ನಿಮಗೆ, ನೀವು ಎತ್ತದಿದ್ದರೆ ಪಕ್ಕದ ಮನೆಗೆ, ಆಮೇಲೆ ಯಜಮಾನರಿಗೆ ಹೋಗುವಂತಿದ್ದರೆ ಮಾತ್ರ ನಿಮ್ಮ ಹೊರೆ ಇಳಿದೀತು.

ಸದ್ಯಕ್ಕೆ, ದೊಡ್ಡ ಗುಂಡಿಗಳೂ ತುರ್ತು ಕರೆಯ ಗುಂಡಿಯೂ ಇರುವ ಸಾದಾ ಫೋನನ್ನು ಅತ್ತೆಯವರ ಕೈಗೇ ಕೊಟ್ಟು ನೋಡಿ. ಪಿಂಚಣಿ, ಕಾನೂನು, ಆರೈಕೆಯ ವಿಚಾರಕ್ಕೆ ಹಿರಿಯರ ಉಚಿತ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತದೆ. ಬಿದ್ದು ಪೆಟ್ಟಾದರೆ ಮಾತ್ರ ಯಾವ ಹೊತ್ತೇ ಆಗಲಿ ಆಂಬುಲೆನ್ಸಿನ 108ಕ್ಕೇ ಕರೆ ಮಾಡಿ.