ಒಂದೇ ಕ್ರೋಮೋಸೋಮಿನ ಜೀನ್‌ಗಳು ಬೇರೆಯಾಗುವುದು ಹೇಗೆ?

ಪಿಯುಸಿ ಬಯಾಲಜಿಯಲ್ಲಿ ಲಿಂಕೇಜ್ (ಒಂದೇ ಕ್ರೋಮೋಸೋಮಿನ ಜೀನ್‌ಗಳು ಒಟ್ಟಿಗೆ ಸಾಗುವುದು) ಪಾಠ ಬಂದಾಗ ಜಾಸ್ತಿ ಮಕ್ಕಳು ಎಡವುವುದು ಒಂದೇ ಕಡೆ. ಎರಡು ಜೀನ್ ಒಂದೇ ಕ್ರೋಮೋಸೋಮಿನಲ್ಲಿದ್ದರೆ ಒಟ್ಟಿಗೇ ಮುಂದಿನ ಪೀಳಿಗೆಗೆ ಹೋಗಬೇಕಲ್ವಾ? ಮತ್ತೆ ಈ ಶೇ. 3, ಶೇ. 30 ರೀಕಾಂಬಿನೇಶನ್, ಅಂದರೆ ಜೊತೆಗಿದ್ದ ಜೀನ್‌ಗಳು ಬೇರೆಯಾಗಿ ಹೊಸ ಜೋಡಣೆ ಬಂದ ಮರಿಗಳ ಪಾಲು, ಎಲ್ಲಿಂದ ಬಂತು? ಸೂತ್ರ ಬಾಯಿಪಾಠ ಮಾಡಿ ಮಾರ್ಕ್ಸ್ ತೆಗೆಯಬಹುದು, ಆದರೆ ಗೊಂದಲ ಹಾಗೇ ಉಳಿಯುತ್ತದೆ.

ಮೆಂಡೆಲ್ ಬಟಾಣಿ ಲೆಕ್ಕ ಪ್ರಕಟವಾದದ್ದು 1866ರಲ್ಲಿ, ಜನ ಕಣ್ಣುಬಿಟ್ಟು ನೋಡಿದ್ದು 1900ರಲ್ಲಿ. ಎರಡು ಗುಣಗಳು ಒಂದರ ಹಂಗು ಇನ್ನೊಂದಕ್ಕಿಲ್ಲದೆ ಹಂಚಿಹೋಗುತ್ತವೆ, ನಾಲ್ಕು ಬಗೆಯ ಗಿಡಗಳು 9:3:3:1 ಪ್ರಮಾಣದಲ್ಲಿ ಬರುತ್ತವೆ ಅನ್ನುವುದು ಅವರ ಲೆಕ್ಕ. ಇಂಗ್ಲೆಂಡಿನ ಬೇಟ್ಸನ್, ಸಾಂಡರ್ಸ್, ಪನೆಟ್ ಸ್ವೀಟ್ ಪೀ ಗಿಡಗಳಲ್ಲಿ ಎಣಿಸಿದಾಗ ಅದು ಬರಲಿಲ್ಲ. 6,952 ಗಿಡಗಳಲ್ಲಿ ನೇರಳೆ ಹೂ, ಗುಂಡು ಪರಾಗ ಇರುವಂಥವು ಸುಮಾರು 1,300 ಬರಬೇಕಿತ್ತು, ಸಿಕ್ಕಿದ್ದು 390. ಯಾಕೆ ಅಂತ ಸರಿಯಾದ ಕಾರಣ ಅವರಿಗೆ ಹೊಳೆಯಲಿಲ್ಲ.

ಕಾರಣ ಹೊಳೆದದ್ದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಹಣ್ಣಿನ ನೊಣಗಳನ್ನು ಸಾಕುತ್ತಿದ್ದ ಮಾರ್ಗನ್ ಅವರಿಗೆ. ಜೀವಕೋಶ ಒಡೆದು ಅಂಡ, ವೀರ್ಯಾಣು ಆಗುವಾಗ ಜೋಡಿ ಕ್ರೋಮೋಸೋಮುಗಳು ಒಂದನ್ನೊಂದು ಹೆಣೆದುಕೊಳ್ಳುತ್ತವೆ ಅಂತ 1909ರಲ್ಲೇ ಯಾನ್ಸೆನ್ಸ್ ಬರೆದಿದ್ದರು. ಒಂದೇ ಕ್ರೋಮೋಸೋಮಿನ ಜೀನ್‌ಗಳು ಒಟ್ಟಿಗೇ ಹೋಗುತ್ತವೆ, ಆದರೆ ಹೆಣೆದುಕೊಂಡ ಕಡೆ ತುಂಡುಗಳು ಅದಲುಬದಲಾಗುತ್ತವೆ, ದೂರದ ಜೀನ್‌ಗಳ ನಡುವೆ ಇದು ಜಾಸ್ತಿ, ಹತ್ತಿರದವುಗಳ ನಡುವೆ ಕಡಿಮೆ ಅಂದರು ಮಾರ್ಗನ್.

ಅವರ ಜೊತೆಗಿದ್ದ ಡಿಗ್ರಿ ವಿದ್ಯಾರ್ಥಿ ಸ್ಟರ್ಟೆವಂಟ್ 1911ರಲ್ಲಿ ಆ ಮಾತನ್ನು ಹಿಡಿದು, ಲ್ಯಾಬಿನ ಲೆಕ್ಕಗಳನ್ನು ಮನೆಗೆ ಒಯ್ದು, ಕಾಲೇಜಿನ ಹೋಮ್‌ವರ್ಕ್ ಬದಿಗಿಟ್ಟು, ಒಂದೇ ರಾತ್ರಿ ಮೊದಲ ಜೀನ್ ನಕ್ಷೆ ಬರೆದರು. ಪ್ರಕಟವಾದದ್ದು 1913ರಲ್ಲಿ. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ನಕ್ಷೆಯ ಒಂದು ತುದಿಯಲ್ಲಿ ಹಳದಿ ಮೈಯ ಜೀನ್, ಇನ್ನೊಂದು ತುದಿಯಲ್ಲಿ ಮೊಟಕು ರೆಕ್ಕೆಯದು. ಶೇ. 1 ರೀಕಾಂಬಿನೇಶನ್‌ಗೆ ಒಂದು ಯೂನಿಟ್ ದೂರ ಅಂತ ಹಿಡಿದು ಮಧ್ಯದ ಸಣ್ಣ ಸಣ್ಣ ದೂರ ಕೂಡಿಸಿದರೆ 57.6. ಆದರೆ ಈ ಎರಡು ತುದಿಗಳನ್ನೇ ನೇರವಾಗಿ ಎಣಿಸಿದರೆ ರೀಕಾಂಬಿನೇಶನ್ ಶೇ. 37.6 ಮಾತ್ರ! ಉಳಿದದ್ದು ಎಲ್ಲಿ ಹೋಯಿತು? ನಡುವೆ ಎರಡು ಸಲ ಅದಲುಬದಲಾದರೆ ತುದಿಯ ಜೀನ್‌ಗಳು ಮತ್ತೆ ಒಂದೇ ಕಡೆ ಸೇರಿಕೊಳ್ಳುತ್ತವೆ, ಎಣಿಸುವವರ ಕಣ್ಣಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಅದಕ್ಕೇ ದೂರ ಎಷ್ಟೇ ಇರಲಿ ರೀಕಾಂಬಿನೇಶನ್ ಶೇ. 50 ದಾಟುವುದಿಲ್ಲ, ಬಹಳ ದೂರವಿದ್ದರೆ ಒಂದೇ ಕ್ರೋಮೋಸೋಮಿನ ಜೀನ್‌ಗಳೂ ಬೇರೆ ಬೇರೆ ಕ್ರೋಮೋಸೋಮಿನವುಗಳ ಹಾಗೇ ಹಂಚಿಹೋಗುತ್ತವೆ. ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ತೋರಿಸಿಬಿಟ್ಟರೆ ಅರ್ಧ ಪಾಠ ಮುಗಿದ ಹಾಗೆ. ನಮ್ಮ ತರಗತಿಗಳಲ್ಲಿ ಸೂತ್ರಕ್ಕೆ ಸಿಗುವ ಸಮಯ ಇದಕ್ಕೆ ಸಿಗುವುದಿಲ್ಲ.

ಮುಂದೆ 1931ರಲ್ಲಿ ಕ್ರೈಟನ್, ಮೆಕ್‌ಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಕ್ರೋಮೋಸೋಮಿನ ತುಂಡು ನಿಜಕ್ಕೂ ಬದಲಾಗುವುದನ್ನು ಸೂಕ್ಷ್ಮದರ್ಶಕದಲ್ಲೇ ತೋರಿಸಿದರು. ಮನುಷ್ಯರಲ್ಲಿ ನೊಣಗಳ ಹಾಗೆ ಬೇಕಾದ ಜೋಡಿ ಕಟ್ಟಿ ಎಣಿಸಲು ಆಗುವುದಿಲ್ಲವಲ್ಲ, ಹಾಗಾಗಿ ದೊಡ್ಡ ಕುಟುಂಬಗಳೂ ಡಿಎನ್‌ಎ ಗುರುತುಗಳೂ ಸಿಗುವವರೆಗೆ ಕೆಲಸ ನಿಧಾನ. ಹಂಟಿಂಗ್ಟನ್ ಕಾಯಿಲೆಯ ಜೀನ್ 4ನೇ ಕ್ರೋಮೋಸೋಮಿನಲ್ಲಿದೆ ಅಂತ ಲಿಂಕೇಜ್‌ನಿಂದ ಗೊತ್ತಾದದ್ದು 1983ರಲ್ಲಿ. ಆದರೆ ಲಿಂಕೇಜ್ ಹೇಳುವುದು ಸುಮಾರಾಗಿ ಎಲ್ಲಿ ಅನ್ನುವುದನ್ನಷ್ಟೇ. ಆ ಜಾಗದೊಳಗೆ ಹುಡುಕಿ ಜೀನ್ ಕೈಗೆ ಸಿಗುವಷ್ಟರಲ್ಲಿ 1993 ಬಂದಿತ್ತು.