ಪಿಕಾಗೆ ಬಿಸಿಲು, ಕಪ್ಪೆಗೆ ಬೂಷ್ಟು

ಭೂಮಿ ಬಿಸಿಯಾಗುವ ಮಾತು ಬಂದಾಗಲೆಲ್ಲ ಎರಡು ಪ್ರಾಣಿಗಳ ಹೆಸರು ಕೇಳಿಬರುತ್ತದೆ. ಬೆಟ್ಟದ ತುದಿಯ ಪಿಕಾ ಒಂದು, ಕೋಸ್ಟರಿಕಾದ ಚಿನ್ನದ ಬಣ್ಣದ ಕಪ್ಪೆ ಇನ್ನೊಂದು. ಎರಡನ್ನೂ ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದು ತಪ್ಪು ಅನ್ನುವುದು ನನ್ನ ವಾದ.

ಪಿಕಾ ಮೊಲದ ನೆಂಟ, ಅಂಗೈ ಅಗಲದ ಪ್ರಾಣಿ. ಅಮೆರಿಕದ ಪಿಕಾ ಬೇಸಿಗೆಯಲ್ಲಿ ಹುಲ್ಲು ಕಚ್ಚಿ ತಂದು ಬಂಡೆ ಸಂದಿಯಲ್ಲಿ ಮೆದೆ ಒಟ್ಟುತ್ತದೆ. ಚಳಿಗೆ ಕಾಯುವ ದಪ್ಪ ತುಪ್ಪಳವೇ ಬಿಸಿಲಲ್ಲಿ ಮುಳುವು. 26 ಡಿಗ್ರಿ ಆಸುಪಾಸಿನಲ್ಲಿ, ಬೆಂಗಳೂರಿನವರು ಹಿತ ಅನ್ನುವ ಹವೆಯಲ್ಲೇ, ತಂಪು ಸಂದಿ ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಪಶ್ಚಿಮ ಅಮೆರಿಕದ ಒಣ ಪ್ರದೇಶ ಗ್ರೇಟ್ ಬೇಸಿನ್‌ನಲ್ಲಿ ಹಿಂದೆ ಪಿಕಾ ಇದ್ದ 25 ಜಾಗಗಳ ಪೈಕಿ 7ರಲ್ಲಿ ಅದು ಇಲ್ಲವಾಗಿದೆ ಎಂದು 2003ರಲ್ಲಿ ವರದಿಯಾಯಿತು. ಆದರೂ 2010ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಪಾಯದ ಪಟ್ಟಿಗೆ ಸೇರಿಸಲಿಲ್ಲ.

ನಮ್ಮ ಹಿಮಾಲಯದಲ್ಲೂ ಪಿಕಾಗಳಿವೆ. ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ನ ಸಂಶೋಧಕರು ಹಿಕ್ಕೆಯಿಂದ ಡಿಎನ್‌ಎ ತೆಗೆದು, ಸಿಕ್ಕಿಂನ ಪಿಕಾ ಬೇರೆಯದೇ ಜಾತಿ ಅಂತ 2016ರಲ್ಲಿ ತೋರಿಸಿಕೊಟ್ಟರು. ಯಾವ ಜಾತಿ ಅಂತ ಗೊತ್ತಿಲ್ಲದೆ ಅದು ಕಡಿಮೆಯಾಗುತ್ತಿದೆಯಾ ಅಂತ ಎಣಿಸುವುದು ಹೇಗೆ, ಅಲ್ವಾ?

ಕಪ್ಪೆಯ ಕಥೆ ಜಾಸ್ತಿ ಸಿಕ್ಕು. ಕೋಸ್ಟರಿಕಾದ ಮಾಂಟೆವರ್ಡೆಯ ಮೋಡ ಕವಿದ ಕಾಡಿನಲ್ಲಿ ಮೊದಲ ಮಳೆಗೆ ಮರದ ಬೇರಿನ ನಡುವೆ ನೀರು ನಿಲ್ಲುತ್ತಿತ್ತು. ಕಿತ್ತಳೆ ಬಣ್ಣದ ಗಂಡುಗಳು ಅಲ್ಲಿ ಗುಂಪುಗೂಡುತ್ತಿದ್ದವು. 1987ರಲ್ಲಿ 1,500ಕ್ಕೂ ಹೆಚ್ಚು ಕಂಡವು. 1989ರ ಮೇ 15ರಂದು ಕಂಡದ್ದು ಒಂದೇ ಒಂದು ಗಂಡು. ಆಮೇಲೆ ಯಾರಿಗೂ ಕಾಣಲಿಲ್ಲ.

1999ರಲ್ಲಿ ವಿಜ್ಞಾನಿಗಳು ಮಂಜು ಕವಿಯುವ ದಿನಗಳು ಕಡಿಮೆಯಾಗಿದ್ದನ್ನು ತೋರಿಸಿ, ಹವಾಮಾನವೇ ಕಾರಣ ಅಂದರು. ಅಷ್ಟರಲ್ಲೇ ಕೈಟ್ರಿಡ್ ಅನ್ನುವ ಬೂಷ್ಟು ಪತ್ತೆಯಾಗಿತ್ತು. ಕಪ್ಪೆ ನೀರು ಕುಡಿಯುವುದೇ ಚರ್ಮದಿಂದ. ಬೂಷ್ಟು ಆ ಚರ್ಮಕ್ಕೆ ಹತ್ತಿದರೆ ರಕ್ತದ ಲವಣ ಇಳಿದು ಹೃದಯ ನಿಲ್ಲುತ್ತದೆ. ಇನ್ನೊಂದು ವಿಷಯ ಗಮನಿಸಿ: ಈ ಬೂಷ್ಟು ತಂಪಿನಲ್ಲೇ ಚೆನ್ನಾಗಿ ಬೆಳೆಯುತ್ತದೆ, 30 ಡಿಗ್ರಿ ಹತ್ತಿರ ಸೊರಗುತ್ತದೆ. ಮೋಡ ಹೆಚ್ಚಾಗಿ ಹಗಲು ತಂಪಾಗಿ, ರಾತ್ರಿ ಬೆಚ್ಚಗಾಗಿ ಬೂಷ್ಟಿಗೆ ಅನುಕೂಲವಾಯಿತು ಅಂತ 2006ರಲ್ಲಿ ಒಂದು ವಾದ ಬಂತು. 2010ರಲ್ಲಿ ಅಲ್ಲಿನ ಮರಗಳ ಒಳಗೆ ಉಳಿದ ಹಳೆಯ ಮಳೆ-ಬರದ ಗುರುತು ಓದಿದವರು, ಕಪ್ಪೆ ಮಾಯವಾಗುವ ಮುಂಚಿನ 1986–87ರ ಬರ ಎಲ್ ನಿನೊದಿಂದ, ಅಂದರೆ ಪೆಸಿಫಿಕ್ ಸಾಗರ ಕೆಲವು ವರ್ಷಕ್ಕೊಮ್ಮೆ ಬಿಸಿಯಾಗುವುದರಿಂದ ಬಂದದ್ದು, ದೀರ್ಘಕಾಲದ ಬಿಸಿಯೇರಿಕೆಯಿಂದಲ್ಲ ಅಂದರು.

ಬಿಸಿಯೇರಿಕೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಕಪ್ಪೆಯ ಸಾವನ್ನೂ ಅದರ ತಲೆಗೆ ಕಟ್ಟಿದರೆ ಬೂಷ್ಟನ್ನು ಹೊತ್ತು ತಂದ ವ್ಯಾಪಾರ ಸುಮ್ನೆ ತಪ್ಪಿಸಿಕೊಳ್ಳುತ್ತದೆ. ಬೂಷ್ಟಿನ ಮೂಲ ಪೂರ್ವ ಏಷ್ಯಾ, ಮನುಷ್ಯರು ಕಪ್ಪೆಗಳನ್ನು ದೇಶದಿಂದ ದೇಶಕ್ಕೆ ಸಾಗಿಸಿದಾಗ ಹರಡಿತು ಅನ್ನುತ್ತದೆ 2018ರ ಜೀನೋಮ್ ಅಧ್ಯಯನ. ನಮ್ಮ ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಅದು ಸಿಕ್ಕಿದೆ.