ಸೇನೆಯ 'ಸಿಸ್ಟರ್' ಸನ್ಯಾಸಿನಿ ಅಲ್ಲ

ವಿವಿಯನ್ ಬುಲ್‌ವಿಂಕಲ್ ಫೋಟೊ ಕೆಳಗೆ 'ಆಸ್ಟ್ರೇಲಿಯಾದ ಕ್ರೈಸ್ತ ಸನ್ಯಾಸಿನಿ' ಅಂತ ಬರೆದಿದ್ದನ್ನು ಮತ್ತೆ ನೋಡಿದೆ. ಇನ್ನೊಂದು ಕಡೆ 'ಸೋದರಿ ವಿವಿಯನ್'. ಎರಡೂ ತಪ್ಪು. ಆಕೆ ಎರಡನೇ ಮಹಾಯುದ್ಧದ ಕಾಲದ ಸೇನಾ ನರ್ಸ್; ಇಂಗ್ಲಿಷಿನಲ್ಲಿ ಹೆಸರಿನ ಜೊತೆ ಬರುವ 'ಸಿಸ್ಟರ್' ಅಲ್ಲಿ ಹುದ್ದೆಯ ಹೆಸರು. ಆಸ್ಪತ್ರೆಯಲ್ಲಿ 'ಸಿಸ್ಟರ್, ಡ್ರಿಪ್ ಮುಗೀತು' ಅಂತ ಕೂಗುವ ನಾವೇ ಇಲ್ಲಿ ಎಡವುತ್ತೇವಲ್ಲ!

ಗೊಂದಲಕ್ಕೆ ಕಾರಣ ಇಲ್ಲದಿಲ್ಲ. ಇಂಗ್ಲೆಂಡಿನ ಹಳೇ ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ಮಠದ ಸನ್ಯಾಸಿನಿಯರೇ. 16ನೇ ಶತಮಾನದಲ್ಲಿ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದ. ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆ ನಗರಾಡಳಿತದ ಕೈಗೆ ಬಂತು. ಸನ್ಯಾಸಿನಿಯರು ಹೋದರು, 'ಸಿಸ್ಟರ್' ಉಳಿಯಿತು. ಬರಬರುತ್ತಾ ಅದು ಹುದ್ದೆಯ ಹೆಸರಾಯಿತು: ವಾರ್ಡಿನ ಹೊಣೆ ಹೊತ್ತ ಅನುಭವಿ ನರ್ಸ್. ಎಲ್ಲ ನರ್ಸ್‌ಗಳಿಗೂ ಅದು ಸಿಗುತ್ತಿರಲಿಲ್ಲ.

ಆಸ್ಟ್ರೇಲಿಯನ್ ಆರ್ಮಿ ನರ್ಸಿಂಗ್ ಸರ್ವೀಸ್‌ನಲ್ಲೂ ಇದೇ ಮೆಟ್ಟಿಲು: ಸ್ಟಾಫ್ ನರ್ಸ್, ಸಿಸ್ಟರ್, ಮೇಟ್ರನ್. ಮೇಟ್ರನ್ ಅಂದರೆ ಹಾಸ್ಟೆಲ್ ಗೇಟಿಗೆ ಬೀಗ ಹಾಕುವವರಲ್ಲ, ಇಡೀ ಆಸ್ಪತ್ರೆಯ ನರ್ಸ್‌ಗಳ ಮುಖ್ಯಸ್ಥೆ. ಮೊದಲ ಮಹಾಯುದ್ಧದಲ್ಲಿ 2,000ಕ್ಕೂ ಜಾಸ್ತಿ ನರ್ಸ್‌ಗಳು ಹೊರದೇಶಕ್ಕೆ ಹೋದರು. ಈಜಿಪ್ಟ್, ಗ್ರೀಸಿನ ಲೆಮ್ನಾಸ್ ದ್ವೀಪ, ಫ್ರಾನ್ಸ್ ಅಷ್ಟೇ ಅಲ್ಲ, ನೂರಾರು ಮಂದಿ ಭಾರತದ ಸೇನಾ ಆಸ್ಪತ್ರೆಗಳಿಗೂ ಬಂದಿದ್ದರು. 1916ರಲ್ಲಿ ಅವರಿಗೆ ಅಧಿಕಾರಿಗಳ ಬ್ಯಾಡ್ಜ್ ಕೊಟ್ಟರು. ಬ್ಯಾಡ್ಜ್ ಬಂತು, ಗಂಡಸರಷ್ಟು ಸಂಬಳ ಬರಲಿಲ್ಲ. ಲೆಫ್ಟಿನೆಂಟ್, ಕ್ಯಾಪ್ಟನ್ ಅನ್ನುವ ಪದವಿಗಳು ನಿಜವಾಗಿ ಸಿಕ್ಕಿದ್ದು 1943ರಲ್ಲಿ. ಆಮೇಲೂ ವಾರ್ಡಿನಲ್ಲಿ 'ಸಿಸ್ಟರ್' ಅಂತಲೇ ಕರೆಯುತ್ತಿದ್ದರು.

ಇನ್ನು ಬುಲ್‌ವಿಂಕಲ್. 1942ರ ಫೆಬ್ರವರಿ 12ರಂದು 65 ಆಸ್ಟ್ರೇಲಿಯನ್ ನರ್ಸ್‌ಗಳು 'ವೈನರ್ ಬ್ರೂಕ್' ಹಡಗಿನಲ್ಲಿ ಸಿಂಗಾಪುರ ಬಿಟ್ಟರು. ಎರಡು ದಿನ ಕಳೆದು ಜಪಾನಿ ವಿಮಾನಗಳು ಅದನ್ನು ಮುಳುಗಿಸಿದವು. 12 ನರ್ಸ್‌ಗಳು ಸಮುದ್ರದ ಪಾಲಾದರು. ಈಗಿನ ಇಂಡೊನೇಷ್ಯಾದ ಬಾಂಕಾ ದ್ವೀಪದ ರಾಜಿ ಬೀಚಿನಲ್ಲಿ ಜಪಾನಿ ಸೈನಿಕರು 22 ನರ್ಸ್‌ಗಳನ್ನು ನೀರಿಗಿಳಿಸಿ ಹಿಂದಿನಿಂದ ಗುಂಡು ಹಾರಿಸಿದರು. ಅವರಲ್ಲಿ ಮೇಟ್ರನ್ ಐರೀನ್ ಡ್ರಮಂಡ್ ಕೂಡ ಇದ್ದರು. ಬದುಕಿದ್ದು ಬುಲ್‌ವಿಂಕಲ್ ಒಬ್ಬರೇ. ಗುಂಡು ತಗುಲಿದ್ದರೂ ಗಾಯಗೊಂಡ ಬ್ರಿಟಿಷ್ ಸೈನಿಕನೊಬ್ಬನ ಆರೈಕೆ ಮಾಡುತ್ತಾ ಕಾಡಿನಲ್ಲಿ ಅಡಗಿದ್ದರು, ಕೊನೆಗೆ ಶರಣಾದರು. ಆಕೆಯೂ ಸೇರಿ ಸೆರೆಯಾದ 32 ನರ್ಸ್‌ಗಳಲ್ಲಿ 8 ಮಂದಿ ಶಿಬಿರಗಳಲ್ಲೇ ಸತ್ತರು. 1945ರಲ್ಲಿ ಮನೆ ಸೇರಿದವರು 24.

ಇಲ್ಲಿಗೆ ಕಥೆ ನಿಲ್ಲಿಸುವುದು ಬರೆಯುವವರ ಇನ್ನೊಂದು ಚಾಳಿ. ಆಕೆ 1946ರಲ್ಲಿ ಟೋಕಿಯೊ ಯುದ್ಧಾಪರಾಧ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದರು. ಜೊತೆಗೆ ಸೆರೆಯಲ್ಲಿದ್ದ ಬೆಟ್ಟಿ ಜೆಫ್ರಿ ಜೊತೆ ವಿಕ್ಟೋರಿಯಾ ರಾಜ್ಯವೆಲ್ಲ ಸುತ್ತಿ, ಮೆಲ್ಬರ್ನ್‌ನಲ್ಲಿ ನರ್ಸ್‌ಗಳ ಸ್ಮಾರಕ ಕೇಂದ್ರಕ್ಕೆ ಹಣ ಕೂಡಿಸಿದರು. ಅಲ್ಲಿನ ಫೇರ್‌ಫೀಲ್ಡ್ ಆಸ್ಪತ್ರೆಯ ಮೇಟ್ರನ್ ಆದರು. 1975ರಲ್ಲಿ ವಿಯೆಟ್ನಾಂನ ಅನಾಥ ಮಕ್ಕಳನ್ನು ಕರೆತರುವ ಕೆಲಸದಲ್ಲೂ ಇದ್ದರು. 1977ರಲ್ಲಿ ನಿವೃತ್ತಿ, ಅದೇ ವರ್ಷ ಮದುವೆ. ಸನ್ಯಾಸಿನಿ ಅಂತ ಬರೆದವರು ಇದನ್ನಾದರೂ ಓದಬಹುದಿತ್ತು ಅಲ್ವಾ?

ಹೆಸರಿನ ಹಿಂದೆ ಏನಾದರೂ ಬೇಕೇ ಬೇಕಿದ್ದರೆ 'ಸಿಸ್ಟರ್' ಅಂತಲೇ ಬಿಡಿ, ಕನ್ನಡ ಮಾಡಲು ಹೋಗಬೇಡಿ. ಇಲ್ಲವೇ ಸುಮ್ನೆ 'ಸೇನಾ ನರ್ಸ್' ಅನ್ನಿ. 1972ರಿಂದ ಆಸ್ಟ್ರೇಲಿಯಾದ ಸೇನಾ ನರ್ಸಿಂಗ್ ಕೋರ್‌ನಲ್ಲಿ ಗಂಡಸರೂ ಇದ್ದಾರೆ. ಅವರನ್ನೂ 'ಸೋದರಿ' ಅಂತ ಅನುವಾದಿಸಿಬಿಟ್ಟೀರಿ!